ಹಂಚಿನ ಮನೆಗೆ ಹೊಸ ಮಾಡು: ಗಾಳಿಗೆ ಏಳದಂತೆ, ಗೋಡೆಯನ್ನು ತಳ್ಳದಂತೆ ಕಟ್ಟುವುದು ಹೇಗೆ?

ಗೋವಾದಲ್ಲಿ ದೀಪಾವಳಿ ಮುಗಿದದ್ದೇ ತಡ, ಹಂಚು ಇಳಿಸುವ ಸದ್ದು ಶುರುವಾಗುತ್ತದೆ. ಫೋಂಡಾ, ಡಿಚೋಲಿ, ವಾಸ್ಕೊ ಸುತ್ತಮುತ್ತ ಹಳೆ ಮನೆ ಕೊಂಡಿರುವ ಕನ್ನಡದ ಕುಟುಂಬಗಳು ಮಾಡು, ಅಂದರೆ ಇಳಿಜಾರು ಛಾವಣಿ, ಬದಲಿಸುವಾಗ ಮರಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತವೆ. ಸಾಗವಾನಿಯೇ ಬೇಕು, ಅದೂ ದಾಂಡೇಲಿಯದೇ ಬೇಕು ಎಂಬ ಹಟ. ಆದರೆ ಆ ಮರ ಗೋಡೆಯ ಮೇಲೆ ಕೂರುವ ಒಂದು ಗೇಣು ಜಾಗವನ್ನು ಬಗ್ಗಿ ನೋಡುವವರು ಅಪರೂಪ. ಮಾಡು ಕೆಡುವುದು ಅಲ್ಲೇ.

ಮೊದಲು ಹೆಸರುಗಳು, ಏಕೆಂದರೆ ಬೆಳಗಾವಿ, ವಿಜಯಪುರದ ಕಡೆಯಿಂದ ಬಂದವರಿಗೂ ಇಲ್ಲಿನ ಬಡಗಿಗೂ ಮಾತು ತಪ್ಪುವುದು ಈ ಹೆಸರುಗಳಲ್ಲಿಯೇ. ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಬರುವ ಮರ ಪಕಾಸು. ಇಲ್ಲಿ ಅದಕ್ಕೆ ‘ವಾಸೆ’ ಅನ್ನುತ್ತಾರೆ. ಪಕಾಸಿನ ಮೇಲೆ ಅಡ್ಡಡ್ಡ ಹೊಡೆಯುವ, ಹಂಚು ಕೂರುವ ಪಟ್ಟಿ ರೀಪು. ಗೋಡೆಯ ತಲೆಯ ಮೇಲೆ ಉದ್ದಕ್ಕೆ ಮಲಗುವ ಮರ ಗೋಡೆಪಟ್ಟಿ. ಎದುರುಬದುರು ಪಕಾಸುಗಳ ಕಾಲುಗಳನ್ನು ಅಡ್ಡಲಾಗಿ ಹಿಡಿದಿಡುವುದು ಟೈ ತೊಲೆ.

ಪರವಾನಗಿ

ಹಂಚು ಇಳಿಸುವ ಮೊದಲೇ ಪಂಚಾಯಿತಿ ಅಥವಾ ನಗರಸಭೆಗೆ ಅರ್ಜಿ ಕೊಡಿ. ಸಮುದ್ರ, ನದಿ ದಂಡೆಗೆ ಹತ್ತಿರದ ಮನೆಯಾದರೆ ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವನ್ನೂ ಕೇಳಬೇಕು. ಮಾಡಿನ ಎತ್ತರ, ಆಕಾರ ಬದಲಿಸಿದರೆ ಅದನ್ನು ರಿಪೇರಿ ಎನ್ನಲಾಗದು. ಕರ್ನಾಟಕದಿಂದ ಮರ ತರುವುದಾದರೆ ಗಡಿಯ ಅನಮೋಡ್ ದಾಟುವ ಮುನ್ನವೇ ಅರಣ್ಯ ಇಲಾಖೆಯ ಪಾಸು ಕೈಯಲ್ಲಿರಲಿ.

ಲೆಕ್ಕ: ಮೂರು ಪ್ರಶ್ನೆ

ಮರದ ಕಟ್ಟಡಕ್ಕೆ ನಮ್ಮಲ್ಲಿ ಐಎಸ್ 883 ಎಂಬ ಭಾರತೀಯ ಮಾನಕ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 6ನೇ ಭಾಗದ 3ನೇ ವಿಭಾಗವೂ ಮರದ್ದೇ. ಭಾರಕ್ಕೆ ಮತ್ತು ಗಾಳಿಗೆ ಐಎಸ್ 875. ಇವಿಷ್ಟನ್ನು ಎಂಜಿನಿಯರ್ ಮುಂದಿಟ್ಟು ಮೂರು ಪ್ರಶ್ನೆ ಕೇಳಬೇಕು: ಪಕಾಸು ಎಷ್ಟು ಬಾಗುತ್ತದೆ? ಮಾಡು ಗೋಡೆಯನ್ನು ಎಷ್ಟು ಹೊರಗೆ ತಳ್ಳುತ್ತದೆ? ಗಾಳಿ ಅದನ್ನು ಎಷ್ಟು ಮೇಲೆತ್ತುತ್ತದೆ? ‘ಮುರಿಯುತ್ತದೆಯೇ’ ಎಂಬುದು ನಾಲ್ಕನೆಯದು. ಸಾಮಾನ್ಯ ಮನೆಯಲ್ಲಿ ಮೊದಲ ಮೂರಕ್ಕೆ ಉತ್ತರ ಸರಿಯಿದ್ದರೆ ಇದೂ ಸರಿಯಿರುತ್ತದೆ.

ಒಂದು ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಗಲ 4.8 ಮೀಟರ್, ಇಳಿಜಾರು 30 ಡಿಗ್ರಿ, ಪಕಾಸುಗಳ ನಡುವೆ 450 ಮಿ.ಮೀ. ಮಂಗಳೂರು ಹಂಚು ರೀಪು ಸಮೇತ ಚದರ ಮೀಟರಿಗೆ 65 ಕೆ.ಜಿ., ಪಕಾಸಿನ ಸ್ವಂತ ತೂಕ ಸುಮಾರು 8 ಕೆ.ಜಿ. ರಿಪೇರಿಗೆ ಹತ್ತುವವರ ಲೆಕ್ಕಕ್ಕೆ ಈ ಇಳಿಜಾರಿನಲ್ಲಿ ಸಂಹಿತೆ ಹೇಳುವುದು ಚದರ ಮೀಟರಿಗೆ 0.40 ಕಿಲೊನ್ಯೂಟನ್, ಅಂದರೆ ಸುಮಾರು 40 ಕೆ.ಜಿ.

ನೆತ್ತಿಯಿಂದ ಗೋಡೆಗೆ ಇಳಿಜಾರಿನ ಉದ್ದ 2.77 ಮೀಟರ್. ಇಷ್ಟಕ್ಕೆ 50×100 ಮಿ.ಮೀ. ಸಾಗವಾನಿ ಸಾಕೆಂದು ಮರದಂಗಡಿಯವರು ಹೇಳುತ್ತಾರೆ. ಬಲದ ದೃಷ್ಟಿಯಿಂದ ಅದು ನಿಜ. ಮರದ ಮೇಲೆ ಬೀಳುವ ಒತ್ತಡ ಚದರ ಮಿ.ಮೀ.ಗೆ 4.8 ನ್ಯೂಟನ್; ಒಳಾಂಗಣದಲ್ಲಿ ‘ಬಿ’ ಗುಂಪಿನ ಮರಕ್ಕೆ 12ರವರೆಗೆ ಅವಕಾಶವಿದೆ. ಬಲಕ್ಕೆ ತಕ್ಕಂತೆ ಮರಗಳನ್ನು ಎ, ಬಿ, ಸಿ ಎಂದು ಗುಂಪು ಮಾಡಿದ್ದಾರೆ, ಸಾಗವಾನಿ ‘ಬಿ’ ಗುಂಪಿನದು. ಆದರೆ ಹಂಚಿನಂತಹ ಒಡೆಯುವ ವಸ್ತು ಹೊರುವ ಮರ ತನ್ನ ಉದ್ದದ 360ನೇ ಒಂದು ಭಾಗಕ್ಕಿಂತ ಹೆಚ್ಚು ಬಾಗಬಾರದು ಎಂಬ ನಿಯಮವಿದೆ. ಇಲ್ಲಿ ಆ ಮಿತಿ 7.7 ಮಿ.ಮೀ., ಪಕಾಸು ಬಾಗುವುದು 7.8. ಕೂದಲೆಳೆಯಲ್ಲಿ ಫೇಲು. ಹಸಿ ಮರವಾದರೆ ವರ್ಷಗಳು ಕಳೆದಂತೆ ಈ ಬಾಗು ಇನ್ನೂ ಬೆಳೆಯುತ್ತದೆ, ಹಂಚಿನ ಕೊಂಡಿಗಳು ಬಾಯಿ ಬಿಡುತ್ತವೆ, ಸೋರಿಕೆ ಶುರುವಾಗುತ್ತದೆ. 50×125 ಹಾಕಿ. ಮರ ಕಾಲುಭಾಗ ಜಾಸ್ತಿ, ಬಾಗು ಅರ್ಧದಷ್ಟು: 4 ಮಿ.ಮೀ. ಗಟ್ಟಿತನ ಬರುವುದು ಮರದ ಆಳದಿಂದ, ಅಗಲದಿಂದಲ್ಲ. ಅದೇ 50×100 ಅನ್ನು ಮಲಗಿಸಿ ಕೂರಿಸಿದರೆ ಗಟ್ಟಿತನ ಕಾಲುಭಾಗಕ್ಕೆ ಇಳಿಯುತ್ತದೆ. ‘ಮೊಳೆ ಹೊಡೆಯಲು ಜಾಗ ಸಿಗುತ್ತದೆ’ ಎಂದು ಹೀಗೆ ಮಲಗಿಸುವ ಬಡಗಿಗಳಿದ್ದಾರೆ, ಒಪ್ಪಬೇಡಿ.

ಇನ್ನು ಗಾಳಿ. ಗೋವಾಕ್ಕೆ, ಪುಣೆಗೆ ಸಂಹಿತೆಯ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. ಹೀಗಾಗಿ ಇದೇ ಮಾಡನ್ನು ಮುಂಬೈಯಲ್ಲಿ ಕಟ್ಟಿದರೆ ಗಾಳಿಯೊತ್ತಡ ಕಾಲುಭಾಗಕ್ಕೂ ಹೆಚ್ಚು ಏರುತ್ತದೆ. 39ಕ್ಕೆ ಒತ್ತಡ ಚದರ ಮೀಟರಿಗೆ ಸುಮಾರು 93 ಕೆ.ಜಿ. ಗಾಳಿ ನೆತ್ತಿಯ ಗುಂಟ ಬೀಸಿದಾಗ 30 ಡಿಗ್ರಿ ಮಾಡಿನ ಹೊರಮೈಯಲ್ಲಿ ಇದರ 0.7 ಪಟ್ಟು ಎಳೆತ. ಕಿಟಕಿ ಬಾಗಿಲುಗಳಿಂದ ಒಳನುಗ್ಗಿದ ಗಾಳಿಯದು ಕೆಳಗಿನಿಂದ ಇನ್ನು 0.5 ಪಟ್ಟು. ಒಟ್ಟು ಸುಮಾರು 112 ಕೆ.ಜಿ. ಹಂಚು, ಮರ ಸೇರಿ 73 ಕೆ.ಜಿ. ಇದ್ದರೂ, ಇಳಿಜಾರಿನಿಂದಾಗಿ ಈ ಎಳೆತಕ್ಕೆ ನೇರ ಎದುರಾಗಿ ಸಿಗುವುದು ಅದರಲ್ಲಿ ಸುಮಾರು 63 ಕೆ.ಜಿ. ಮಾತ್ರ. ‘ಹಂಚಿನ ಭಾರಕ್ಕೆ ಮಾಡು ತಾನೇ ಕೂತಿರುತ್ತದೆ’ ಎಂಬ ಮಾತು ಇಲ್ಲಿಗೆ ಸುಳ್ಳಾಯಿತು. ಸೂರಿನಲ್ಲಂತೂ ಇನ್ನೂ ಕಷ್ಟ: ಗೋಡೆಗೆ ಬಡಿದ ಗಾಳಿ ಮೇಲೇಳುವುದರಿಂದ ಚಾಚಿದ ಸೂರಿನ ಕೆಳಮೈಗೆ ಗುಣಕ 1.25, ಅಂದರೆ ಗಾಳಿಯೊತ್ತಡದ 1.25 ಪಟ್ಟು. 600 ಮಿ.ಮೀ. ಸೂರು ಸೇರಿಸಿದರೆ ಒರಟು ಲೆಕ್ಕದಲ್ಲಿ ಗೋಡೆಯ ಪ್ರತಿ ಮೀಟರಿಗೆ 120 ಕೆ.ಜಿ. ಮೇಲ್ಮುಖ ಎಳೆತ.

ಮರ ಉಳಿಸಲು ಇಳಿಜಾರನ್ನು ತಗ್ಗಿಸಬೇಡಿ. 10 ಡಿಗ್ರಿಗೆ ಇಳಿಸಿದರೆ ಗಾಳಿ ಎದುರಾಗುವ ಮಗ್ಗುಲಲ್ಲಿ ಎಳೆತದ ಗುಣಕ 1.2ಕ್ಕೆ ಏರುತ್ತದೆ, ಮಳೆನೀರೂ ಹಂಚಿನಡಿ ಹಿಮ್ಮುಖ ನುಗ್ಗುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ನೆಲದಲ್ಲಿ 30 ಡಿಗ್ರಿಗಿಂತ ಕಡಿಮೆ ಬೇಡವೇ ಬೇಡ.

ಮರ

ಕೆಚ್ಚು ಮಾತ್ರ ತೆಗೆದುಕೊಳ್ಳಿ, ಅಂಚಿನ ಬಿಳಿ ಭಾಗ ಬೇಡ. ಹುಳ ಮೊದಲು ಹಿಡಿಯುವುದು ಅದಕ್ಕೇ. ಸಾಗವಾನಿಗೆ ಹಣ ಸಾಲದಿದ್ದರೆ ಮತ್ತಿ ಒಳ್ಳೆಯದು. ಆದರೆ ಅದು ನಿಧಾನಕ್ಕೆ ಒಣಗುವ, ಆತುರ ಮಾಡಿದರೆ ಸೀಳುವ ಮರ. ಆರು ತಿಂಗಳು ನೆರಳಲ್ಲಿ, ಗಾಳಿಯಾಡುವಂತೆ ನಡುನಡುವೆ ಪಟ್ಟಿ ಇಟ್ಟು ಪೇರಿಸಿ. ಕರಾವಳಿಯ ಮಾಡಿನ ಮರಕ್ಕೆ ತೇವಾಂಶ ಹೆಚ್ಚೆಂದರೆ ಶೇ 20. ಅಂಗಡಿಯಲ್ಲೇ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ, ತುದಿಯಲ್ಲಲ್ಲ, ನಡುವಿನಲ್ಲಿ. ಪಕಾಸಿನ ಕೆಳಅಂಚಿನ ನಡುಭಾಗದಲ್ಲಿ ದೊಡ್ಡ ಗಂಟಿದ್ದರೆ ಆ ತುಂಡನ್ನು ರೀಪಿಗೆ ಸೀಳಿಸಿ.

ಗೋಡೆಪಟ್ಟಿ: ಇಲ್ಲಿ ಎರಡು ದಿನ ಹೋದರೂ ಸರಿ

ಹಳೆ ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯ ತಲೆ ಸಾಮಾನ್ಯವಾಗಿ ಮಣ್ಣಿನ ಗಾರೆಯದು, ಸಡಿಲ. ಅದರ ಮೇಲೆ ಹೊಸ ಗೋಡೆಪಟ್ಟಿ ಇಟ್ಟು ಅಕ್ಕಪಕ್ಕ ಸಿಮೆಂಟ್ ತುಂಬುವುದು ಎಲ್ಲೆಡೆ ಕಾಣುವ ತಪ್ಪು. ಪಟ್ಟಿ ಗಟ್ಟಿಯಾಗಿ ಕೂತಂತೆ ಕಾಣುತ್ತದೆ, ಆದರೆ ಅದನ್ನು ಕೆಳಗೆ ಎಳೆದು ಹಿಡಿಯುವುದು ಏನೂ ಇಲ್ಲ. ಮೇಲಾಗಿ ಸಿಮೆಂಟಿನೊಳಗೆ ಹೂತ ಮರಕ್ಕೆ ಉಸಿರಾಟವಿಲ್ಲ. ಮಳೆಗಾಲದ ತೇವ ಒಳಗೇ ನಿಂತು ಕೊಳೆಯುತ್ತದೆ. ಮರದ ತುದಿಗೆ ಗಾಳಿಯಾಡಬೇಕು, ಅದನ್ನು ಮುಚ್ಚಿಬಿಡಬಾರದು ಎಂದು ಸಂಹಿತೆಯೇ ಹೇಳುತ್ತದೆ.

ಸರಿಯಾದ ಕ್ರಮ ಹೀಗೆ. ಸಡಿಲ ಕಲ್ಲುಗಳನ್ನು ತೆಗೆದು, ಗೋಡೆಯ ಸುತ್ತ ಎಲ್ಲೂ ತುಂಡಾಗದಂತೆ 100 ಮಿ.ಮೀ. ದಪ್ಪದ ಕಾಂಕ್ರೀಟ್ ಪಟ್ಟಿ ಹಾಕಿ. 10 ಮಿ.ಮೀ.ನ ಎರಡು ಸರಳು, ಪ್ರತಿ 150 ಮಿ.ಮೀ.ಗೆ 6 ಮಿ.ಮೀ. ಕೊಂಡಿ. ಭೂಕಂಪದ ದೃಷ್ಟಿಯಿಂದಲೂ ಇಳಿಜಾರು ಮಾಡಿನ ಮನೆಗೆ ಈ ಪಟ್ಟಿ ಬೇಕು. ಕಾಂಕ್ರೀಟ್ ಸುರಿಯುವ ಮೊದಲೇ, ಮೀಟರಿಗೊಂದರಂತೆ 12 ಮಿ.ಮೀ. ಬೋಲ್ಟುಗಳನ್ನು ನಿಲ್ಲಿಸಿ. ಅವು ಕಾಂಕ್ರೀಟ್ ಪಟ್ಟಿಯೊಳಗೆ ಮಾತ್ರ ನಿಂತರೆ ಸಾಲದು, ಏಕೆ ಎಂಬುದನ್ನು ತೂಕವೇ ಹೇಳುತ್ತದೆ: 300 ಮಿ.ಮೀ. ಗೋಡೆಯ ಮೇಲಿನ ಒಂದು ಸಾಲು ಚಿರೆಕಲ್ಲು ಮೀಟರಿಗೆ ಸುಮಾರು 120–130 ಕೆ.ಜಿ. ನಮ್ಮ ಎಳೆತವೂ 120. ಒಂದು ಸಾಲನ್ನಷ್ಟೇ ಹಿಡಿದ ಬೋಲ್ಟು ಆ ಸಾಲಿನ ಸಮೇತ ಮೇಲೇಳಲು ಹೊರಟಂತೆ. ಮೂರು ಸಾಲಿನ ಆಳಕ್ಕೆ ಸರಳು ಇಳಿಸಿ, ಕೆಳತುದಿಗೆ ಅಡ್ಡಪ್ಲೇಟು ಕೊಡಿ. ಆಗ ಮೂರು ಪಟ್ಟು ಭಾರ ಜೊತೆಗೆ ನಿಲ್ಲುತ್ತದೆ.

ಕಾಂಕ್ರೀಟಿನ ಮೇಲೆ ನೀರು ಏರದಂತೆ ಡಾಂಬರು ಹಾಳೆಯ ಪಟ್ಟಿ, ಅದರ ಮೇಲೆ 100×75 ಗೋಡೆಪಟ್ಟಿ. ನಟ್ಟಿನಡಿ 50 ಮಿ.ಮೀ. ಚೌಕದ ದಪ್ಪ ವಾಷರ್ ಇರಲಿ. ಅಂಗಡಿಯಲ್ಲಿ ಬೋಲ್ಟಿನ ಜೊತೆ ಕೊಡುವ ತೆಳು ದುಂಡು ವಾಷರ್ ಮರದೊಳಗೆ ಹೂತುಹೋಗುತ್ತದೆ. ಗೋಡೆಪಟ್ಟಿಯ ಜೋಡು ಕಿಟಕಿಯ ಮೇಲೆ ಬರದಿರಲಿ, ಜೋಡಿನ ಎರಡೂ ಬದಿಗೆ ಒಂದು ಗೇಣಿನೊಳಗೆ ಬೋಲ್ಟು ಇರಲಿ.

ಈಗ ಪಕಾಸಿನ ಕಚ್ಚು. ಪಕಾಸು ಗೋಡೆಪಟ್ಟಿಯ ಮೇಲೆ ಕೂರಲು ಕೆಳಗಡೆ ಕತ್ತರಿಸುವ ಆ ಮೂಲೆಯಲ್ಲಿ ಅನುಭವಿಗಳೂ ತಪ್ಪುತ್ತಾರೆ. 125 ಮಿ.ಮೀ. ಆಳದ ಪಕಾಸಿನಲ್ಲಿ ಕಚ್ಚು 30 ಮಿ.ಮೀ. ದಾಟಬಾರದು, ಅಂದರೆ ಕಾಲುಭಾಗದೊಳಗೆ. ಗರಗಸ ಒಳಮೂಲೆಯನ್ನು ದಾಟಿ ಒಂದು ಸೆಂಟಿಮೀಟರ್ ಹೋದರೂ ಕೆಟ್ಟಿತು. ಮೇಲಿನಿಂದ ನೋಡಿದರೆ ಕೂದಲಿನಂತಹ ಗೆರೆ, ಅಷ್ಟೇ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಆ ಗೆರೆಯ ತುದಿಯಿಂದ ಸೀಳು ನಾರಿನ ಗುಂಟ ಓಡುತ್ತದೆ, ಸೂರಿನ ಭಾಗ ಸಿಬಿರಿನಂತೆ ಬಿಟ್ಟುಕೊಳ್ಳುತ್ತದೆ. ಗುರುತು ಹಾಕಿದ ಗೆರೆಗೆ 3 ಮಿ.ಮೀ. ಮುಂಚೆ ಗರಗಸ ನಿಲ್ಲಿಸಿ, ಉಳಿದದ್ದನ್ನು ಉಳಿಯಿಂದ ತೆಗೆಯಿರಿ. ಪ್ಲೈವುಡ್ಡಿನಲ್ಲಿ ಒಂದು ಅಚ್ಚು ಮಾಡಿಕೊಂಡು ಎಲ್ಲ ಪಕಾಸಿಗೂ ಅದನ್ನೇ ಬಳಸಿ; ಒಂದೊಂದನ್ನೂ ಮೇಲೆ ಹತ್ತಿ ಅಳೆದು ಕತ್ತರಿಸಿದರೆ ನೆತ್ತಿ ಅಲೆಯಾಗುತ್ತದೆ.

ಕೂರಿಸಿದ ಮೇಲೆ ಎರಡು ಓರೆ ಮೊಳೆ ಹೊಡೆದು ಇಳಿದುಬಿಡುವುದು ರೂಢಿ. 450 ಮಿ.ಮೀ. ಅಂತರಕ್ಕೆ ಪ್ರತಿ ಪಕಾಸಿನ ಕಾಲಿಗೆ ಬೀಳುವ ಎಳೆತ ಸುಮಾರು 54 ಕೆ.ಜಿ. ಹಸಿ ಮರಕ್ಕೆ ಹೊಡೆದ ಮೊಳೆ ಮರ ಒಣಗಿದ ಮೇಲೆ ಹಿಡಿತ ಬಿಡುತ್ತದೆ, ಗಟ್ಟಿ ಮರಕ್ಕೆ ಓರೆಯಾಗಿ ಹೊಡೆದದ್ದು ಸೀಳುತ್ತದೆ. 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಸತುಲೇಪಿತ ಪಟ್ಟಿಯನ್ನು ಪಕಾಸಿನ ಬೆನ್ನಿನ ಮೇಲಿಂದ ತಂದು ಗೋಡೆಪಟ್ಟಿಯ ಎರಡೂ ಮಗ್ಗುಲಿಗೆ ಮೂರು ಮೂರು ಮೊಳೆಯಿಂದ ಬಿಗಿಯಿರಿ. ಮೊಳೆಯ ದಪ್ಪದ ಐದರಲ್ಲಿ ನಾಲ್ಕು ಭಾಗದಷ್ಟು ತೂತನ್ನು ಮೊದಲು ಕೊರೆದುಕೊಳ್ಳಿ. ಬಿಸಿ ಸತುವಿನಲ್ಲಿ ಅದ್ದಿದ ಸಾಮಾನೇ ಇರಲಿ. ಹಳದಿ ಹೊಳಪಿನ ಸ್ಕ್ರೂಗಳ ಲೇಪ ತೀರಾ ತೆಳು, ಉಪ್ಪುಗಾಳಿಗೆ ಬೇಗ ಕಿಲುಬುತ್ತವೆ. ಸಮುದ್ರ ಕಾಣುವಷ್ಟು ಹತ್ತಿರವಿದ್ದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಬೇಕು.

ಟೈ ತೊಲೆ ತೆಗೆಯಬೇಡಿ

‘ಹಾಲ್ ಎತ್ತರ ಕಾಣಲಿ’ ಎಂದು ಅಡ್ಡತೊಲೆ ಕಳಚುವುದು ಈಗಿನ ಫ್ಯಾಷನ್. ನೆತ್ತಿಯನ್ನು ನಡುಗೋಡೆಯೋ ಕಂಬವೋ ಹೊತ್ತಿರದಿದ್ದರೆ, ನಮ್ಮ ಮಾಡು ಎರಡೂ ಗೋಡೆಗಳನ್ನು ಮೀಟರಿಗೆ 260 ಕೆ.ಜಿ.ಯಷ್ಟು ಹೊರಗೆ ತಳ್ಳುತ್ತದೆ. ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಬರುವ ಬಿರುಕು ಕಂಡರೆ ಇದನ್ನೇ ಮೊದಲು ಅನುಮಾನಿಸಿ. ಗಿಲಾವು ಮಾಡಿ ಮುಚ್ಚುವುದರಿಂದ ಏನೂ ಆಗದು. ಟೈ ಇರಬೇಕಾದ್ದು ಗೋಡೆಪಟ್ಟಿಯ ಮಟ್ಟದಲ್ಲಿ. ಅರ್ಧ ಎತ್ತರಕ್ಕೆ ಏರಿಸಿದರೆ ಅದರ ಮೇಲಿನ ಎಳೆತ ದುಪ್ಪಟ್ಟು, ಪಕಾಸೂ ನಡುವೆ ಬಾಗುತ್ತದೆ. ಜೋಡಿ ಬಿಟ್ಟು ಜೋಡಿಗೆ, ಅಂದರೆ 900 ಮಿ.ಮೀ.ಗೊಂದು ಟೈ ಹಾಕಿದರೆ ಒಂದೊಂದಕ್ಕೆ 235 ಕೆ.ಜಿ. ಬೀಳುತ್ತದೆ. ಪ್ರತಿ ತುದಿಗೆ 12 ಮಿ.ಮೀ. ಬೋಲ್ಟು ಎರಡು, ಮರದ ತುದಿಯಿಂದ 90 ಮಿ.ಮೀ. ಒಳಗೆ. ಅದಕ್ಕಿಂತ ತುದಿಗೆ ಬಂದರೆ ಬೋಲ್ಟು ಮರವನ್ನು ಬೆಣೆಯಂತೆ ಸೀಳಿಕೊಂಡು ಹೊರಬರುತ್ತದೆ.

ಎತ್ತರ ಬೇಕೇ ಬೇಕು ಎನ್ನುವವರು ಮರದ ಬದಲು 12 ಮಿ.ಮೀ. ಉಕ್ಕಿನ ಸರಳನ್ನು ಅದೇ ಮಟ್ಟದಲ್ಲಿ, ನಡುವೆ ಬಿಗಿಯುವ ತಿರುಪು ಇಟ್ಟು ಎಳೆಯಲಿ. ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ಕೆಲಸ ಪೂರ್ತಿ ಮಾಡುತ್ತದೆ.

ಎಣ್ಣೆ, ರೀಪು, ಹಂಚು

ಮರದ ತುದಿಗೆ ಡಾಂಬರು ಬಳಿಯುವುದನ್ನು ನಿಲ್ಲಿಸಿ. ಒಳಗಿನ ತೇವ ಹೊರಬರಲಾಗದೆ ಅಲ್ಲೇ ಕೊಳೆಯುತ್ತದೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಕೂಡ ಬೇಡ. ಮಳೆ ತಾಗದ ಒಳಭಾಗಕ್ಕೆ ಬೋರಾಕ್ಸ್–ಬೋರಿಕ್ ದ್ರಾವಣ ಒಳ್ಳೆಯದು, ಸೂರಿನಲ್ಲಿ ಅದು ತೊಳೆದುಹೋಗುತ್ತದೆ. ಅಲ್ಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯೇ ಸರಿ. ಕೈಗವಸು ಹಾಕಿಕೊಳ್ಳಿ, ಚರ್ಮ ಸುಡುತ್ತದೆ. ಕಚ್ಚು, ತೂತು ಎಲ್ಲ ಕತ್ತರಿಸಿ ಮುಗಿದ ಮೇಲೆ ಬಳಿಯಬೇಕು, ಮೊದಲೇ ಬಳಿದು ಆಮೇಲೆ ಕತ್ತರಿಸಿದರೆ ಹಸಿ ಮೈ ತೆರೆದೇ ಉಳಿಯುತ್ತದೆ.

ರೀಪು 50×25. ಅಂತರವನ್ನು ಬಾಯಿಲೆಕ್ಕದಿಂದ ಇಡಬೇಡಿ. ನೀವು ಕೊಂಡ ಹಂಚನ್ನೇ ಹತ್ತು ಜೋಡಿಸಿ, ಒಮ್ಮೆ ಎಳೆದು, ಒಮ್ಮೆ ಒತ್ತಿ ಅಳೆದು ಸರಾಸರಿ ತೆಗೆಯಿರಿ. ಸಾಮಾನ್ಯವಾಗಿ 320 ಮಿ.ಮೀ. ಆಸುಪಾಸು ಬರುತ್ತದೆ. ಬೇರೆ ಬೇರೆ ಕಾರ್ಖಾನೆಯ ಹಂಚು ಬೆರೆಸಿದರೆ ಕೊಂಡಿ ಕೂರುವುದಿಲ್ಲ. ಸೂರಿನ ಮೊದಲ ಎರಡು ಸಾಲು ಮತ್ತು ಎರಡೂ ಬದಿಯ ಅಂಚಿನ ಹಂಚುಗಳನ್ನು ಬೆನ್ನಿನ ತೂತಿನ ಮೂಲಕ ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿ. ನೆತ್ತಿಗೆ ಸಿಮೆಂಟ್, ಸುಣ್ಣ, ಮರಳು 1:1:6. ಬರೀ ಸಿಮೆಂಟಿನ ಗಟ್ಟಿ ಗಾರೆ ಬಿಸಿಲಿಗೆ ಬಿರಿಯುತ್ತದೆ.

ಏಪ್ರಿಲ್ ಒಳಗೆ ಇಷ್ಟೂ ಮುಗಿದಿರಲಿ. ಫಾಲ್ಸ್ ಸೀಲಿಂಗ್ ಹಾಕಿಸುವುದಿದ್ದರೆ ಗೋಡೆಪಟ್ಟಿ, ಟೈಗಳ ನಟ್ಟುಗಳಿಗೆ ಸ್ಪ್ಯಾನರ್ ತಲುಪುವಂತೆ ಕಿಂಡಿ ಬಿಡಿಸಿ. ಮುಂದಿನ ಬೇಸಿಗೆಯಲ್ಲಿ ಮರ ಕುಗ್ಗಿ ಎಲ್ಲ ನಟ್ಟುಗಳೂ ಅರ್ಧ ಸುತ್ತೋ ಒಂದು ಸುತ್ತೋ ಸಡಿಲವಾಗಿರುತ್ತವೆ. ಮಳೆಗೆ ಮುಂಚೆ ಒಂದೊಂದನ್ನೂ ಬಿಗಿಯಿರಿ.