ಟರ್ನ್‌ಟೇಬಲ್ ಕೊಳ್ಳುವ ಮುಂಚೆ ಮೋಟರ್ ಬಗ್ಗೆ ಕೇಳಿ

ದುಬಾರಿ ಟರ್ನ್‌ಟೇಬಲ್ ನೋಡಲು ಹೋದರೆ ಕಣ್ಣು ಮೊದಲು ಹೋಗುವುದು ರೆಕಾರ್ಡು ಕೂರುವ ದಪ್ಪ ತಟ್ಟೆಯ ಮೇಲೆ, ಸೂಜಿ ಹಿಡಿದ ಹೊಳೆಯುವ ತೋಳು ಟೋನ್‌ಆರ್ಮ್ ಮೇಲೆ. ಮೋಟರ್ ಒಳಗೆ ಅಡಗಿರುತ್ತದೆ, ಯಾರೂ ವಿಚಾರಿಸುವುದಿಲ್ಲ. ಆದರೆ ಎಲ್‌ಪಿ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗಬೇಕು, ಅಂದರೆ ಸುತ್ತಿಗೆ 1.8 ಸೆಕೆಂಡ್. ಈ ವೇಗ ಅಲುಗಾಡಿದರೆ ಶ್ರುತಿಯೂ ಅಲುಗಾಡುತ್ತದೆ. ಲಕ್ಷಗಟ್ಟಲೆ ಸುರಿಯುವ ಮುಂಚೆ ಇಲ್ಲಿಂದಲೇ ಶುರು ಮಾಡಿ.

ಹಂತ 1: ತಟ್ಟೆಯನ್ನು ತಿರುಗಿಸುವುದು ಯಾವುದು?

ಹಳೆಯ ವಿಧಾನ ಐಡ್ಲರ್. ಸೈಕಲ್ ಡೈನಮೋ ಟೈರಿಗೆ ಒತ್ತಿಕೊಂಡು ತಿರುಗುತ್ತಿತ್ತು, ನೆನಪಿದೆಯಾ? ಇಲ್ಲಿ ಅದು ಉಲ್ಟಾ. ಮೋಟರ್ ಒಂದು ರಬ್ಬರ್ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ತಟ್ಟೆಯ ಒಳ ಅಂಚನ್ನು ತಳ್ಳುತ್ತದೆ. ಗ್ಯಾರಾರ್ಡ್ 301 ಇದೇ ಜಾತಿಯದು, ಇವತ್ತಿಗೂ ಅದಕ್ಕೆ ಹುಚ್ಚು ಬೆಲೆ. ಎಳೆತ ಜೋರು, ತಾಳ ಖಡಕ್ಕಾಗಿ ಕೇಳಿಸುತ್ತದೆ. ಆದರೆ ಮೋಟರ್ ನಿಮಿಷಕ್ಕೆ ಸುಮಾರು 1,500 ಸುತ್ತು ಓಡುತ್ತದೆ. ಆ ನಡುಕ, ಸರಿಯಾಗಿ ಕೂರಿಸದಿದ್ದರೆ, ಸೂಜಿಯವರೆಗೂ ಬಂದು 'ಗುರ್' ಎನ್ನುತ್ತದೆ.

ಬೆಲ್ಟ್ ಇದಕ್ಕೆ ಮದ್ದು. ಹೊಲಿಗೆ ಯಂತ್ರದಂತೆ ಮೋಟರಿಗೂ ತಟ್ಟೆಗೂ ನಡುವೆ ರಬ್ಬರ್ ಪಟ್ಟಿ, ನಡುಕವನ್ನು ಅದೇ ನುಂಗಿಬಿಡುತ್ತದೆ. 70ರ ದಶಕದಲ್ಲಿ ಬಂದ ಲಿನ್ ಎಲ್‌ಪಿ12 ಟರ್ನ್‌ಟೇಬಲ್ ಈ ಜಾತಿಯದು, ಇಂದಿಗೂ ತಯಾರಾಗುತ್ತಿದೆ. ತೊಂದರೆ ಒಂದೇ: ರಬ್ಬರ್ ಎಳೆದರೆ ಹಿಗ್ಗುತ್ತದೆ, ವರ್ಷ ಕಳೆದಂತೆ ಸಡಿಲವಾಗುತ್ತದೆ.

ಮೂರನೆಯದು ಡೈರೆಕ್ಟ್ ಡ್ರೈವ್. ಮೋಟರಿನ ಮೇಲೇ ತಟ್ಟೆ. ಮೋಟರೇ 33⅓ರಲ್ಲಿ ತಿರುಗುತ್ತದೆ. ಟೆಕ್ನಿಕ್ಸ್ 1970ರಲ್ಲಿ ಎಸ್‌ಪಿ-10 ತಂದಾಗ ಶುರುವಾದ ದಾರಿ ಇದು. ಡಿಜೆಗಳ ಕೈಗೆ ಸಿಕ್ಕಿದ ಮೇಲೆ 'ಇದು ಸಂಗೀತ ಕೇಳುವವರದ್ದಲ್ಲ' ಎಂಬ ಮಾತು ಹುಟ್ಟಿತು. ಆ ಮಾತಿನಲ್ಲಿ ಜಂಭವೇ ಜಾಸ್ತಿ. ನಿಜವಾದ ದೂರು ಬೇರೆ ಇತ್ತು: ಮೋಟರಿನೊಳಗಿನ ಕಬ್ಬಿಣವನ್ನು ಅಯಸ್ಕಾಂತಗಳು ಒಂದೊಂದಾಗಿ ಸೆಳೆಯುವುದರಿಂದ ತಿರುಗುವಿಕೆಯಲ್ಲಿ ಸಣ್ಣ ಸಣ್ಣ ಜಗ್ಗಾಟ. 2016ರ ಎಸ್‌ಎಲ್-1200ಜಿಯಲ್ಲಿ ಟೆಕ್ನಿಕ್ಸ್‌ನವರು ಆ ಕಬ್ಬಿಣವನ್ನೇ ತೆಗೆದುಹಾಕಿದರು.

ನನ್ನನ್ನು ಕೇಳಿದರೆ ಜಾತಿಗಿಂತ ಕೆಲಸಗಾರಿಕೆ ಮುಖ್ಯ. ಅಗ್ಗದ ಡೈರೆಕ್ಟ್ ಡ್ರೈವ್‌ಗಿಂತ ಒಳ್ಳೆಯ ಬೆಲ್ಟ್ ಮೇಲು, ಸುಮಾರಾದ ಬೆಲ್ಟ್‌ಗಿಂತ ಒಳ್ಳೆಯ ಡೈರೆಕ್ಟ್ ಡ್ರೈವ್ ಮೇಲು.

ಹಂತ 2: ಕರೆಂಟು ನೋಡಿ

ಅಮೆರಿಕದಲ್ಲಿರುವ ಮಗನ ಕೈಲಿ ತರಿಸುವ ಯೋಚನೆ ಇದೆಯಾ? ಸ್ವಲ್ಪ ತಡೆಯಿರಿ. ಎಸಿ ಸಿಂಕ್ರೊನಸ್ ಮೋಟರಿನ ವೇಗ ಕರೆಂಟಿನ ಹರ್ಟ್ಸ್‌ಗೆ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದಕ್ಕೆ, ಅಂಟಿಕೊಂಡಿರುತ್ತದೆ. ಅಲ್ಲಿ 60, ನಮ್ಮಲ್ಲಿ 50. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆಯೇ ಹೊರತು ಹರ್ಟ್ಸ್ ಬದಲಾಗುವುದಿಲ್ಲ. ಎಲ್‌ಪಿ ನಿಮಿಷಕ್ಕೆ 28 ಸುತ್ತಿನ ಆಸುಪಾಸಿನಲ್ಲಿ ಎಳೆದಾಡುತ್ತದೆ, ಶ್ರುತಿ ಹಾರ್ಮೋನಿಯಂನ ಬಿಳಿ-ಕಪ್ಪು ಸೇರಿಸಿ ಮೂರು ಮನೆ ಕೆಳಗಿಳಿಯುತ್ತದೆ. ಗಾಯಕಿ ಗಾಯಕನಾಗಿಬಿಡುತ್ತಾಳೆ! 50 ಹರ್ಟ್ಸ್‌ಗೆ ಹೊಂದುವ ಪುಲ್ಲಿ (ಮೋಟರಿನ ತುದಿಯ ಪುಟ್ಟ ಗಾಲಿ) ಸಿಗುತ್ತದಾ ಎಂದು ಮೊದಲು ಕೇಳಿ. ಡಿಸಿ ಮೋಟರ್ ಇದ್ದರೆ, ಅಥವಾ ವೇಗವನ್ನು ತನ್ನದೇ ಎಲೆಕ್ಟ್ರಾನಿಕ್ಸ್‌ನಿಂದ ಹಿಡಿದಿಡುವ ಯಂತ್ರವಾದರೆ ಈ ಗೋಳಿಲ್ಲ. ವೋಲ್ಟೇಜ್ ಮಾತ್ರ ನೋಡಿಕೊಂಡರೆ ಸಾಕು.

ಹಂತ 3: ತಂಬೂರಿ ಕೇಳಿ

ಅಂಗಡಿಯವರು ಹಾಕುವ ಡೆಮೊ ರೆಕಾರ್ಡು ಬೇಡ, ನಿಮ್ಮದೇ ಎಲ್‌ಪಿ ಒಯ್ಯಿರಿ. ಮಲ್ಲಿಕಾರ್ಜುನ ಮನ್ಸೂರರದ್ದೋ ಭೀಮಸೇನ ಜೋಶಿಯವರದ್ದೋ ಆದೀತು. ಹಾಡಿಗೆ ಕಿವಿ ಕೊಡಬೇಡಿ, ಹಿಂದಿನ ತಂಬೂರಿಗೆ ಕೊಡಿ. ಗಮಕ, ಮೀಂಡಿನ ನಡುವೆ ವೇಗದ ತಪ್ಪು ಮುಚ್ಚಿಹೋಗುತ್ತದೆ. ನಿಂತ ಸ್ವರದಲ್ಲಿ ಅದಕ್ಕೆ ಅಡಗಲು ಜಾಗವಿಲ್ಲ. ಸ್ವರ ತೂಗಾಡುತ್ತಿದೆ ಅನ್ನಿಸಿದರೆ ಗಡಿಯಾರ ನೋಡಿ. ಸರಿಯಾಗಿ 1.8 ಸೆಕೆಂಡಿಗೊಮ್ಮೆ ತೂಗಿದರೆ ಬಹುಶಃ ರೆಕಾರ್ಡಿನ ತೂತೇ ನಡುಮಧ್ಯದಲ್ಲಿಲ್ಲ, ಸುಮ್ನೆ ಮೋಟರನ್ನು ಬೈಯಬೇಡಿ. ಇನ್ನೊಂದು ಎಲ್‌ಪಿ ಹಾಕಿ ನೋಡಿ.

ಹಾಡು ಮುಗಿದು ಸೂಜಿ ಕೊನೆಯ ಖಾಲಿ ಗೆರೆಗೆ ಬಂದಾಗ ವಾಲ್ಯೂಮ್ ಸ್ವಲ್ಪ ಏರಿಸಿ. ಗುರ್ ಶಬ್ದ ಇದ್ದರೆ ಆಗ ಗೊತ್ತಾಗುತ್ತದೆ.

ಹಂತ 4: ರಿಪೇರಿ ಯಾರು ಮಾಡುತ್ತಾರೆ?

ಬೆಲ್ಟ್ ನೀವೇ ಬದಲಿಸಬಹುದು, ಕೊಳ್ಳುವಾಗಲೇ ಒಂದು ಹೆಚ್ಚಿಗೆ ತೆಗೆದಿಡಿ. ಐಡ್ಲರ್ ಇದ್ದರೆ ಕೆಲಸ ಮುಗಿದ ಮೇಲೆ ಲಿವರ್ ಬಿಡಿಸಿ. ಒತ್ತಿಕೊಂಡೇ ಇದ್ದರೆ ರಬ್ಬರ್ ಒಂದು ಕಡೆ ಚಪ್ಪಟೆಯಾಗುತ್ತದೆ. ಹಳೆಯ ಡೈರೆಕ್ಟ್ ಡ್ರೈವ್ ಕೊಳ್ಳುವವರು ಮಾತ್ರ ಹುಷಾರು: ಅದರ ಐಸಿ (ಎಲೆಕ್ಟ್ರಾನಿಕ್ ಚಿಪ್) ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ.

ಉಳಿದದ್ದು ಜಾಗ. ನಡೆದಾಡಿದರೆ ಸೂಜಿ ಹಾರುವ ಮನೆಯಾದರೆ ಮೇಜಿನ ಗೊಡವೆ ಬೇಡ. ಗೋಡೆಗೆ ಗಟ್ಟಿಯಾಗಿ ಕೂರಿಸಿದ ಕಡಪ ಕಲ್ಲಿನ ಹಲಗೆ ಸಾಕು.