ಪಿಪಿಟಿಯಲ್ಲಿ ಓದಿಸೋದು ಬಿಟ್ಟು ನೋಡಿಸೋದು: ನನ್ನ ಅನುಭವ

ಬಳ್ಳಾರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪಿಪಿಟಿ (ಪವರ್‌ಪಾಯಿಂಟ್ ಸ್ಲೈಡ್‌ಗಳು) ಮಾಡೋಕೆ ಕೂತಾಗ ನನ್ನದು ಒಂದೇ ಲೆಕ್ಕ. ಬಾಯಲ್ಲಿ ಹೇಳಿದರೆ ಸಾಕಾಗುವಂಥದ್ದು ಸ್ಲೈಡಿಗೆ ಬರಬಾರದು. ಸಾಲುಸಾಲು ಬರೆದು ಹಾಕಿದರೆ ಮಕ್ಕಳು ನೋಟ್‌ಬುಕ್‌ಗೆ ಇಳಿಸಿಕೊಳ್ಳುತ್ತಾರೆ, ನಮ್ಮ ಮಾತು ಯಾರಿಗೂ ಬೇಡ. ಎಷ್ಟು ಹೇಳಿದರೂ ಕಣ್ಣಿಗೆ ಕಟ್ಟದ ವಿಷಯಕ್ಕೆ ಚಿತ್ರ ಬೇಕು, ಚಿತ್ರಕ್ಕೂ ಸಿಗದ ವಿಷಯಕ್ಕೆ ವಿಡಿಯೊ ಬೇಕು.

ಚಿತ್ರಕ್ಕೆ ಮೌರ್ಯ ರಾಜ ಅಶೋಕನ ಮಸ್ಕಿ ಶಾಸನದ ಪಾಠವನ್ನೇ ತಗೊಳ್ಳಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಇದು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕ ಅವನ ಶಾಸನಗಳಲ್ಲಿ ರಾಜನಿಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಬಿರುದುಗಳಷ್ಟೇ ಇದ್ದವು. ಅಶೋಕ ಅನ್ನುವ ಹೆಸರು ಕಂಡಿದ್ದು ಇಲ್ಲಿ. ಇದನ್ನೆಲ್ಲ ನಾನು ಸ್ಲೈಡಿನಲ್ಲಿ ಬರೆಯುವುದಿಲ್ಲ. ಮೊದಲು ಬಂಡೆಯ ಫೋಟೋ, ಸ್ಲೈಡ್ ತುಂಬಾ, ಶೀರ್ಷಿಕೆ ಕೂಡ ಇಲ್ಲದೆ. “ಇದರಲ್ಲಿ ಬರಹ ಎಲ್ಲಿದೆ ಹುಡುಕ್ರಿ” ಅಂತ ಕೇಳಿ ಸುಮ್ನೆ ನಿಲ್ಲುತ್ತೇನೆ. ಆಮೇಲೆ ಶಾಸನದ ಪಡಿಯಚ್ಚು, ಅಂದರೆ ಬಂಡೆಗೆ ಕಾಗದ ಒತ್ತಿ ಮಸಿ ಹಚ್ಚಿ ತೆಗೆದ ಅಚ್ಚು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಎದ್ದು ಕಾಣುತ್ತದೆ. ಮೂರನೆಯದರಲ್ಲಿ ಅದೇ ಪಡಿಯಚ್ಚು, ಆದರೆ ಹೆಸರಿರುವ ಜಾಗ ಬಿಟ್ಟು ಉಳಿದದ್ದೆಲ್ಲ ಮಂಕು.

ಮಂಕು ಮಾಡೋದು ಸುಲಭ. ಸ್ಲೈಡನ್ನು ಡೂಪ್ಲಿಕೇಟ್ ಮಾಡಿ. ಚಿತ್ರದ ಮೇಲೆ ಒಂದು ಕಪ್ಪು ಚೌಕ ಎಳೆದು ಅರ್ಧಕ್ಕಿಂತ ಜಾಸ್ತಿ ಪಾರದರ್ಶಕ ಮಾಡಿ. ಅದೇ ಚಿತ್ರದ ಇನ್ನೊಂದು ಕಾಪಿಯನ್ನು ಬೇಕಾದಷ್ಟೇ ಕ್ರಾಪ್ ಮಾಡಿ ಸರಿಯಾಗಿ ಅದೇ ಜಾಗದಲ್ಲಿ ಮೇಲಿಡಿ. ಫೇಡ್ ಟ್ರಾನ್ಸಿಷನ್ (ಒಂದು ಸ್ಲೈಡ್ ಕರಗಿ ಇನ್ನೊಂದು ಮೂಡೋದು) ಕೊಟ್ಟರೆ ದೀಪ ಅಲ್ಲಿಗೆ ಮಾತ್ರ ಬಿದ್ದಂತೆ ಕಾಣುತ್ತದೆ. ಪವರ್‌ಪಾಯಿಂಟ್ 2019 ಇದ್ದರೆ ಮಾರ್ಫ್ ಅನ್ನುವ ಟ್ರಾನ್ಸಿಷನ್ ಕೊಟ್ಟು ಅಕ್ಷರಗಳು ಹತ್ತಿರ ಬರುವ ಹಾಗೂ ಮಾಡಬಹುದು. ಹಾರುವ, ತಿರುಗುವ, ಪುಟಿಯುವ ಅನಿಮೇಷನ್ ನಾನು ಮುಟ್ಟುವುದಿಲ್ಲ.

ಈ ಶಾಸನದ ಲಿಪಿಯಾದ ಬ್ರಾಹ್ಮಿಯಲ್ಲಿ ‘ಕ’ ಅಂದರೆ ಗಣಿತದ ಕೂಡಿಸುವ ಗುರುತು ಇದ್ದ ಹಾಗೇ ಇರುತ್ತದೆ. ಅಷ್ಟು ಹೇಳಿ ಮತ್ತೆ ಹಿಂದಿನ ಸ್ಲೈಡಿಗೆ ಹೋದರೆ ಸಾಕು. ಎರಡು ಸಾವಿರ ವರ್ಷಕ್ಕೂ ಹಳೆಯ ಬರಹದಲ್ಲಿ ‘ಕ’ ಹುಡುಕೋಕೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

ಫೋಟೋ ಕಳಿಸುವವರಿಗೆ ಒಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ಹಾಗೇ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಗೋಡೆ ಮೇಲೆ ದೊಡ್ಡದಾದಾಗ ಅಕ್ಷರ ಮಸುಕು. ಡಾಕ್ಯುಮೆಂಟ್ ಅಂತ ಕಳಿಸಿ. ಸ್ಲೈಡ್ ತುಂಬಾ ಬರುವ ಚಿತ್ರಕ್ಕೆ 1920×1080 ಪಿಕ್ಸೆಲ್ ಇದ್ದರೆ ಚೆನ್ನ. ಹಿಗ್ಗಿಸುವಾಗ ಮೂಲೆ ಹಿಡಿದು ಎಳೆಯಿರಿ, ಪಕ್ಕ ಹಿಡಿದು ಎಳೆದರೆ ಅಶೋಕನ ಸಿಂಹವೂ ಗಿಡ್ಡ ಆಗುತ್ತದೆ.

ವಿಡಿಯೊಗೆ ನನಗೆ ಸಿಕ್ಕ ಒಳ್ಳೆಯ ವಿಷಯ ನಮ್ಮ ಬಳ್ಳಾರಿ ಹತ್ತಿರದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡ. ನವಶಿಲಾಯುಗದ ಜನ ಇದ್ದ ಜಾಗ. ಅಲ್ಲಿನ ಕೆಲವು ಕಪ್ಪು ಬಂಡೆಗಳನ್ನು ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಠಣ್ ಅಂತ ನಾದ ಬರುತ್ತದೆ. ಇದನ್ನು ಫೋಟೋದಲ್ಲಿ ತೋರಿಸೋದು ಹೇಗೆ? ಮೊಬೈಲ್ ಅಡ್ಡ ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಬಂಡೆಗೆ ಹತ್ತಿರ ನಿಂತು ಚಿತ್ರಿಸಿಕೊಂಡೆ. ಪವರ್‌ಪಾಯಿಂಟಿನ ಪ್ಲೇಬ್ಯಾಕ್ ಟ್ಯಾಬಿನಲ್ಲಿ ಟ್ರಿಮ್ ಒತ್ತಿ ಹಿಂದೆಮುಂದೆ ಕತ್ತರಿಸಿದರೆ ಉಳಿದದ್ದು ಇಪ್ಪತ್ತು ಸೆಕೆಂಡ್. ಮೊದಲು ಚಿತ್ರ ನಿಲ್ಲಿಸಿ “ಇದನ್ನ ತಟ್ಟಿದರೆ ಹೆಂಗ್ ಸಪ್ಪಳ ಬರತೈತಿ?” ಅಂತ ಕೇಳಿ, ಆಮೇಲೆ ಪ್ಲೇ ಮಾಡುತ್ತೇನೆ. “ಇನ್ನೊಂದ್ಸಲ ಹಾಕ್ರಿ ಸಾರ್” ಅನ್ನುತ್ತಾರೆ. ಅದಕ್ಕೇ ಸ್ಟಾರ್ಟ್ ಅನ್ನುವಲ್ಲಿ ಕ್ಲಿಕ್ ಮಾಡಿದಾಗಲೇ ಓಡುವ ಆಯ್ಕೆ ಇಟ್ಟಿರುತ್ತೇನೆ.

ಕೆಲವು ವಿಡಿಯೊಗೆ ಧ್ವನಿ ಇಲ್ಲದಿದ್ದರೇ ಒಳ್ಳೆಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದಾಗ ನೀರು ನುಗ್ಗುವ ವಿಡಿಯೊ ಎಲ್ಲರ ಮೊಬೈಲಿಗೂ ಬಂತು, ಟಿವಿಯವರ ಕೂಗಾಟದ ಸಮೇತ. ತರಗತಿಯಲ್ಲಿ ಅದನ್ನು ಮ್ಯೂಟ್ ಮಾಡಿ ಹಾಕಿದೆ. ಆಗ 33 ಗೇಟ್‌ಗಳ ಸಾಲು, ಒಂದು ಹೋದರೆ ಉಳಿದವನ್ನೂ ಯಾಕೆ ಎತ್ತಬೇಕಾಯಿತು ಅನ್ನುವ ಮಾತು ಶುರುವಾಯಿತು. ಒಳಗಿನ ನೀರಿನ ಒತ್ತಡ ಕಡಿಮೆ ಆದಷ್ಟೂ ದುರಸ್ತಿ ಸುಲಭ, ಅಲ್ವಾ?

ಇನ್ನು ಸಲಕರಣೆ ಕಡೆ. ಹಳೆಯ ಪ್ರೊಜೆಕ್ಟರಿನ ವಿಜಿಎ ಕೇಬಲ್‌ನಲ್ಲಿ ಧ್ವನಿ ಹೋಗುವುದಿಲ್ಲ, ಸ್ಪೀಕರ್ ಬೇರೆ ಬೇಕು. ಹೊಸ ಮೊಬೈಲ್‌ನ ವಿಡಿಯೊ ಎಚ್‌ಇವಿಸಿ (ಹೊಸ ಬಗೆಯ ವಿಡಿಯೊ ಫಾರ್ಮ್ಯಾಟ್) ಆಗಿದ್ದರೆ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಓಡದೇ ಇರಬಹುದು. ಹಳೆಯ ಫಾರ್ಮ್ಯಾಟ್ ಆದ ಎಚ್.264 ಎಂಪಿ4ಗೆ ಬದಲಿಸಿಕೊಂಡರೆ ಚಿಂತೆ ಇಲ್ಲ. ವಿಡಿಯೊವನ್ನು ಲಿಂಕ್ ಕೊಡದೆ ಫೈಲಿನೊಳಗೇ ಸೇರಿಸಿ, ಇಲ್ಲದಿದ್ದರೆ ಪೆನ್‌ಡ್ರೈವ್‌ನಲ್ಲಿ ಬರೀ ಕಪ್ಪು ಡಬ್ಬಿ ಬರುತ್ತದೆ. ಕನ್ನಡ ಯೂನಿಕೋಡ್‌ನಲ್ಲೇ ಇರಲಿ, ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗಜಿಬಿಜಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ನಮ್ಮ ಬಿಸಿಲು. ಮಧ್ಯಾಹ್ನ ಕೋಣೆಯಲ್ಲಿ ಬೆಳಕು ತುಂಬಿದರೆ ಕತ್ತಲೆ ಚಿತ್ರ ಕಾಣೋದೇ ಇಲ್ಲ. ಹಳೆಯ ಫ್ಲೆಕ್ಸ್ ಬ್ಯಾನರ್‌ಗಳನ್ನು ಕಿಟಕಿಗೆ ಕಟ್ಟಿದ್ದೇವೆ, ಚಿತ್ರದ ಬ್ರೈಟ್‌ನೆಸ್ ಸ್ವಲ್ಪ ಜಾಸ್ತಿ ಇಡುತ್ತೇನೆ. ಕಿಟಕಿ ಮುಚ್ಚಿದ ಮೇಲೆ ಫ್ಯಾನ್ ನಿಂತರೆ ಯಾರೂ ಕೂರಲ್ಲ. ಹಾಗಾಗಿ ಪಿಪಿಟಿ ಪಾಠ ಬೆಳಿಗ್ಗೆ ಮೊದಲ ಪೀರಿಯಡ್‌ಗೇ ಹಾಕಿಸಿಕೊಂಡಿದ್ದೇನೆ.