ಅಲಿಬಾಗಿಗೆ ಹೊರಡುವ ಮುನ್ನ ತಿಥಿ ನೋಡಿ

ಅಲಿಬಾಗಿಗೆ ಹೋಗೋಣ ಎಂದರೆ ಮುಂಬೈಯಲ್ಲಿರುವ ನಾವೆಲ್ಲ ಮೊದಲು ರೂಮು ಹುಡುಕುತ್ತೇವೆ. ಮೊದಲು ನೋಡಬೇಕಾದ್ದು ಗೋಡೆಯ ಕ್ಯಾಲೆಂಡರ್. ಅಲ್ಲಿನ ಕುಲಾಬಾ ಕೋಟೆ (ನಮ್ಮ ಮುಂಬೈಯ ಕೊಲಾಬಾ ಅಲ್ಲ) ಸಮುದ್ರದೊಳಗಿದೆ. ನೀರು ಇಳಿದಾಗ ನಡೆದೇ ಹೋಗಬಹುದು. ಏರಿದರೆ ದಡದಲ್ಲಿ ನಿಂತು ಫೋಟೋ ತೆಗೆದುಕೊಂಡು ಬರಬೇಕು, ಅಷ್ಟೇ.

ಕೊಂಕಣ ಕರಾವಳಿಯವರ ಲೆಕ್ಕ ಬಹಳ ಸುಲಭ. ಶುಕ್ಲವೋ ಕೃಷ್ಣವೋ, ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೆಂದು ನೋಡಿ. ಉಬ್ಬರ ತುಂಬುವ ಗಂಟೆ ಅದೇ. ಅದಕ್ಕೆ ಆರು ಸೇರಿಸಿದರೆ ಇಳಿತ. ಚೌತಿಯ ದಿನ 3 ಗಂಟೆಗೆ ಉಬ್ಬರ, 9ಕ್ಕೆ ಇಳಿತ. ಹುಣ್ಣಿಮೆ, ಅಮಾವಾಸ್ಯೆಗೆ 15 ಎಂದು ಹಿಡಿಯಿರಿ. ಅರ್ಧ ಗಂಟೆ ಆಚೀಚೆ ಆಗುತ್ತದೆ.

ಹಾಗಂತ ಎಲ್ಲ ತಿಥಿಯೂ ಒಂದೇ ಅಲ್ಲ. ಒಮ್ಮೆ ನಾವು ಅಷ್ಟಮಿಯಂದು ಹೋಗಿದ್ದೆವು. ಲೆಕ್ಕದಂತೆ ಮಧ್ಯಾಹ್ನ 12ಕ್ಕೆ ನೀರು ಇಳಿಯಿತು, ಆದರೆ ಮೊಣಕಾಲಿನ ತನಕ ಉಳಿದೇ ಇತ್ತು. ಅಷ್ಟಮಿ ಹೊತ್ತಿಗೆ ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ ಎಳೆಯುವುದರಿಂದ ಏರಿಳಿತ ಕಡಿಮೆ. ಅತ್ತಿಗೆ ಸೀರೆ ಹಿಂಡುತ್ತಾ ನನ್ನ ಪಂಚಾಂಗಜ್ಞಾನವನ್ನು ಹೊಗಳಿದ್ದು ಇನ್ನೂ ನೆನಪಿದೆ. ಆಮೇಲೆ ನಾನು ತದಿಗೆ, ಚೌತಿಯ ಬೆಳಗ್ಗೆ ಅಥವಾ ತ್ರಯೋದಶಿಯ ಮಧ್ಯಾಹ್ನವನ್ನೇ ಆರಿಸುತ್ತೇನೆ. ಇಳಿತಕ್ಕೆ ಒಂದು ಗಂಟೆ ಮುಂಚೆ ಹೊರಡಿ, ಇಳಿತ ಮುಗಿದು ನೀರು ತಿರುಗುವ ಮುನ್ನ ವಾಪಸ್ ಬನ್ನಿ. ಹೊರಡುವಾಗ ದಡದಲ್ಲಿ ಯಾರನ್ನಾದರೂ ಕೇಳಿಕೊಳ್ಳಿ. ನಡೆಯಲಾಗದವರಿಗೆ ಕುದುರೆಗಾಡಿ ಇದೆ.

ಕೋಟೆಯಲ್ಲಿ ಗಣಪತಿ ಗುಡಿ ಇದೆ, ಗಾಲಿ ಇರುವ ಎರಡು ಇಂಗ್ಲಿಷ್ ಫಿರಂಗಿಗಳಿವೆ. ನನಗೆ ಇಷ್ಟವಾದದ್ದು ಬಾವಿ. ಸುತ್ತ ಉಪ್ಪುನೀರು, ನಡುವೆ ಸಿಹಿನೀರು! ಮರಾಠಾ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ನೌಕಾಪಡೆ ಇಲ್ಲಿ ನೆಲೆ ನಿಂತದ್ದು ಸುಮ್ನೆ ಅಲ್ಲ.

ಹೋಗುವ ದಾರಿ: ಗೇಟ್‌ವೇಯಿಂದ ಮಾಂಡ್ವಾಕ್ಕೆ ದೋಣಿಯಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸು. ಮಳೆಗಾಲದಲ್ಲಿ ಗೇಟ್‌ವೇ ದೋಣಿಗಳು ನಿಲ್ಲುತ್ತವೆ. ಕಾರು ಸಮೇತ ಹೋಗುವವರಿಗೆ ಭಾವೂಚಾ ಧಕ್ಕಾದಿಂದ 2020ರಲ್ಲಿ ಶುರುವಾದ, ಕಾರು ಹತ್ತಿಸಿಕೊಳ್ಳುವ ರೋ-ರೋ ಹಡಗು ಇದೆ.

ಮೀನಿಗಾಗಿ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಬೇಡ. ಯಾಂತ್ರಿಕ ದೋಣಿಗಳಿಗೆ ಆಗ ರಜೆ. ಉಳಿದ ದಿನಗಳಲ್ಲಿ ಬೆಳಗ್ಗೆಯೇ ಕೋಳಿವಾಡದ (ಮೀನುಗಾರರ ಕೇರಿ) ಕಡೆ ಹೋಗಿ. ಬಿದಿರಿನ ಚೌಕಟ್ಟಿನ ಮೇಲೆ ಬೊಂಬಿಲು ಮೀನು ಬಟ್ಟೆಯಂತೆ ಒಣಗುತ್ತಿರುತ್ತದೆ. ಮೀನು ಮಾರುವ ಹೆಂಗಸರನ್ನು ‘ಮಾವ್ಶಿ’ (ಮರಾಠಿಯಲ್ಲಿ ಚಿಕ್ಕಮ್ಮ) ಎಂದು ಕರೆಯಿರಿ, ಕೇಳದೆ ಫೋಟೋ ತೆಗೆಯಬೇಡಿ. ಬಂಗುಡೆಯ ಕಿವಿರು ಎತ್ತಿ ನೋಡಿ, ಕೆಂಪಗಿದ್ದರೆ ಮಾತ್ರ ಚೌಕಾಸಿ ಶುರು ಮಾಡಿ. ಎತ್ತಿ ನೋಡಿದ್ದಕ್ಕೆ ಮಾವ್ಶಿ ಬೈದರೆ ಬೇಜಾರಾಗಬೇಡಿ, ಆಮೇಲೆ ಒಂದು ಮೀನು ಜಾಸ್ತಿ ಹಾಕುವವರೂ ಅವರೇ.

ಒಣ ಬೊಂಬಿಲು ಕೊಂಡರೆ ಮುಚ್ಚಳ ಬಿಗಿಯಾಗಿರುವ ಡಬ್ಬ ಮನೆಯಿಂದಲೇ ಒಯ್ಯಿರಿ. ಬರೀ ಕಾಗದದ ಪೊಟ್ಟಣವಾದರೆ ವಾಪಸ್ ಬರುವ ದೋಣಿಯಲ್ಲಿ ನಿಮ್ಮ ಪಕ್ಕದ ಸೀಟು ಖಾಲಿಯೇ ಇರುತ್ತದೆ.